ಮಂದ್ರಸ್ವರದ ಹವ್ಯಾಸ: ಬೇಸ್ ಗಿಟಾರ್ ಮತ್ತು ಕಿವಿಯ ಆರೋಗ್ಯ

ನವೆಂಬರ್ ತಿಂಗಳು ಬಂತೆಂದರೆ ಮಹಾನಗರಗಳ ಕನ್ನಡ ಸಂಘಗಳಲ್ಲಿ ಸಡಗರವೋ ಸಡಗರ. ನಾಡಗೀತೆ, ಸ್ವಾಗತ ಭಾಷಣ, ಸನ್ಮಾನ, ಮಕ್ಕಳ ಕೋಲಾಟ ಇವೆಲ್ಲ ಮುಗಿದ ತರುವಾಯ ಸಭಿಕರು ಆತುರದಿಂದ ಕಾಯುವುದು ರಸಮಂಜರಿ ಕಾರ್ಯಕ್ರಮಕ್ಕಾಗಿ. ವೇದಿಕೆಯ ಮುಂಭಾಗದಲ್ಲಿ ಗಾಯಕ ಗಾಯಕಿಯರು, ಒಂದು ಪಕ್ಕದಲ್ಲಿ ಕೀಬೋರ್ಡ್, ಇನ್ನೊಂದು ಪಕ್ಕದಲ್ಲಿ ಗಿಟಾರ್, ಹಿಂಭಾಗದಲ್ಲಿ ಡ್ರಮ್. ಆ ಡ್ರಮ್ಮಿನ ಮಗ್ಗುಲಲ್ಲಿ, ದೀಪದ ಬೆಳಕು ಅರ್ಧ ಮಾತ್ರ ಬೀಳುವ ಎಡೆಯಲ್ಲಿ, ನಾಲ್ಕೇ ತಂತಿಗಳ ಉದ್ದನೆಯ ಗಿಟಾರೊಂದನ್ನು ಹೆಗಲಿಗೆ ತೂಗುಹಾಕಿಕೊಂಡು ಒಬ್ಬರು ನಿಂತಿರುತ್ತಾರೆ. ಹಾಡು ಮುಗಿದಾಗ ಚಪ್ಪಾಳೆ ಸಲ್ಲುವುದು ಗಾಯಕರಿಗೆ. ಹಿಂದೆ ನಿಂತವರ ಹೆಸರನ್ನು ನಿರೂಪಕರು ಕೊನೆಯಲ್ಲಿ ಒಮ್ಮೆ ಓದಿದರೆ ಓದಿಯಾರು, ಮರೆತರೂ ಮರೆತಾರು. ಆದರೆ ಹಾಡಿನ ನಡುವೆ ಅವರ ವಾದ್ಯ ಮೌನವಾಗಿಬಿಟ್ಟರೆ, ಏನೋ ಕಡಿಮೆಯಾಯಿತೆಂದು ಕೊನೆಯ ಸಾಲಿನಲ್ಲಿ ಕುಳಿತವರಿಗೂ ಅನಿಸುತ್ತದೆ. ಕಡಿಮೆಯಾದದ್ದು ಏನೆಂದು ಮಾತ್ರ ಬಹುಮಂದಿ ಹೇಳಲಾರರು.

ಇದ್ದಾಗ ಗಮನಕ್ಕೆ ಬಾರದೆ, ಇಲ್ಲವಾದಾಗ ಅರಿವಿಗೆ ಬರುವ ಈ ವಾದ್ಯವೇ ಬೇಸ್ ಗಿಟಾರ್. ನಮ್ಮ ಶ್ರವಣಶಕ್ತಿಯ ಸ್ವಭಾವವೂ ಇಂಥದ್ದೇ. ಕಿವಿ ಚೆನ್ನಾಗಿ ಕೇಳಿಸುತ್ತಿರುವಾಗ ಅದರ ನೆನಪೇ ನಮಗಿರುವುದಿಲ್ಲ. ಮಂದವಾದ ಮೇಲೆ ಅದರ ಬೆಲೆ ತಿಳಿಯುತ್ತದೆ. ಇವೆರಡನ್ನೂ ಜೊತೆಯಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಲೆಕ್ಕಿಗನೊಬ್ಬನ ಕೊಡುಗೆ

ಬೇಸ್ ಗಿಟಾರಿನ ಇತಿಹಾಸ ಬಹು ಹಳೆಯದಲ್ಲ. ಅದಕ್ಕೆ ಮುನ್ನ ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಮಂದ್ರಸ್ವರದ ಹೊಣೆಯನ್ನು ಹೊತ್ತಿದ್ದುದು ಡಬಲ್ ಬೇಸ್ ಎಂಬ, ಸುಮಾರು ಆಳೆತ್ತರದ, ಪಿಟೀಲಿನ ವಂಶಕ್ಕೆ ಸೇರಿದ ವಾದ್ಯ. ಅದನ್ನು ಊರಿಂದೂರಿಗೆ ಸಾಗಿಸುವುದು ಪ್ರಯಾಸದ ಕೆಲಸ. ಅಲ್ಲದೆ ಡ್ರಮ್ ಹಾಗೂ ವಿದ್ಯುತ್ ಗಿಟಾರುಗಳ ಸದ್ದಿನ ನಡುವೆ ಅದರ ದನಿ ಅಡಗಿಹೋಗುತ್ತಿತ್ತು. ಈ ಕೊರತೆಯನ್ನು ನೀಗಿಸಲು ಕೆಲವರು 1930ರ ದಶಕದಲ್ಲೇ ಯತ್ನಿಸಿದ್ದುಂಟು. ಆದರೆ ವ್ಯಾಪಕವಾಗಿ ಬಳಕೆಗೆ ಬಂದ ಮೊದಲ ವಿದ್ಯುತ್ ಬೇಸ್ ಗಿಟಾರನ್ನು 1951ರಲ್ಲಿ ಮಾರುಕಟ್ಟೆಗೆ ತಂದವರು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಫುಲ್ಲರ್ಟನ್ ಪಟ್ಟಣದ ಲಿಯೋ ಫೆಂಡರ್.

ಫೆಂಡರರ ವೃತ್ತಿಜೀವನ ವಾಣಿಜ್ಯ ವಿಷಯವನ್ನು ಓದಿದವರಿಗೆ ವಿಶೇಷ ಕುತೂಹಲವನ್ನು ಉಂಟುಮಾಡೀತು. ಅವರು ಕಾಲೇಜಿನಲ್ಲಿ ಕಲಿತದ್ದು ಲೆಕ್ಕಶಾಸ್ತ್ರ. ಆಮೇಲೆ ಮಾಡಿದ ನೌಕರಿಯೂ ಲೆಕ್ಕಪತ್ರ ಬರೆಯುವುದೇ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಆ ನೌಕರಿ ಕೈತಪ್ಪಿದಾಗ, 1938ರಲ್ಲಿ ಸಾಲ ತೆಗೆದು ರೇಡಿಯೋ ದುರಸ್ತಿ ಅಂಗಡಿಯೊಂದನ್ನು ತೆರೆದರು. ಅಲ್ಲಿಗೆ ಬರುತ್ತಿದ್ದ ವಾದಕರ ಕಷ್ಟಗಳನ್ನು ಕೇಳುತ್ತ ಕೇಳುತ್ತ ವಾದ್ಯಗಳ ತಯಾರಿಕೆಗೆ ಇಳಿದರು. ಸ್ವತಃ ಗಿಟಾರ್ ನುಡಿಸಲು ಅವರು ಕಲಿಯಲೇ ಇಲ್ಲವೆಂಬುದು ಇನ್ನೊಂದು ಸೋಜಿಗ. ತಮ್ಮ ಹೊಸ ವಾದ್ಯಕ್ಕೆ ಅವರಿಟ್ಟ ಹೆಸರು ‘ಪ್ರಿಸಿಷನ್ ಬೇಸ್’. ವೀಣೆಗೆ ಮೆಟ್ಟಿಲುಗಳಿರುವಂತೆ ಇದರ ಕತ್ತಿಗೂ ಲೋಹದ ಮೆಟ್ಟಿಲುಗಳಿದ್ದುದರಿಂದ, ಡಬಲ್ ಬೇಸಿನಲ್ಲಿ ವರ್ಷಗಟ್ಟಲೆ ಅಭ್ಯಾಸದಿಂದ ಮಾತ್ರ ಸಿದ್ಧಿಸುವ ಸ್ವರಶುದ್ಧಿ ಇಲ್ಲಿ ಸುಲಭಸಾಧ್ಯವಾಯಿತು. ಹವ್ಯಾಸಿಗಳಿಗೆ ಬಾಗಿಲು ತೆರೆದುದು ಹೀಗೆ.

ನಾಲ್ಕು ತಂತಿಗಳ ಕೆಲಸ

ಈ ವಾದ್ಯಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ದಪ್ಪನೆಯದರಿಂದ ತೊಡಗಿ ಅವುಗಳ ಹೆಸರು ಇ, ಎ, ಡಿ, ಜಿ. ಸೆಕೆಂಡಿಗೆ ಇವು ಕಂಪಿಸುವ ಪ್ರಮಾಣ ಅನುಕ್ರಮವಾಗಿ ಸುಮಾರು 41, 55, 73 ಮತ್ತು 98. ಸಾಧಾರಣ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಇವು ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ. ಮೇಲ್ಸೇತುವೆಯಿಂದ ಕೆಳಸೇತುವೆಯವರೆಗೆ ತಂತಿಯ ಕಂಪಿಸುವ ಉದ್ದ 34 ಅಂಗುಲ. ಸಾಧಾರಣ ಗಿಟಾರಿನಲ್ಲಿ ಇದು ಸುಮಾರು ಇಪ್ಪತ್ತೈದೂವರೆ ಅಂಗುಲ.

ಕರ್ನಾಟಕ ಸಂಗೀತವನ್ನು ಕೇಳಿ ಬೆಳೆದವರು ಇದನ್ನು ತಂಬೂರಿಗೆ ಹೋಲಿಸುವುದು ಸಹಜ. ಹೋಲಿಕೆ ಅರ್ಧ ಸರಿ. ತಂಬೂರಿಯಂತೆ ಇದೂ ತಳದಲ್ಲಿ ನಿಂತು ಹಾಡನ್ನು ಹಿಡಿದಿಡುತ್ತದೆ. ಆದರೆ ತಂಬೂರಿ ಒಂದೇ ಶ್ರುತಿಯಲ್ಲಿ ನೆಲೆನಿಲ್ಲುತ್ತದೆ. ಬೇಸ್ ಗಿಟಾರಾದರೋ ಹಾಡಿನ ಸ್ವರಮೇಳ ಬದಲಾದಂತೆಲ್ಲ ತನ್ನ ನೆಲೆಯನ್ನು ಬದಲಿಸಬೇಕು. ಜೊತೆಗೆ ಡ್ರಮ್ಮಿನ ದೊಡ್ಡ ಚರ್ಮದ ಪೆಟ್ಟಿಗೆ ಸರಿಯಾಗಿ ಹೊಂದಿಕೊಳ್ಳಬೇಕು. ಅಂದರೆ ಶ್ರುತಿಯ ಕೆಲಸ ಅರ್ಧ, ಲಯದ ಕೆಲಸ ಅರ್ಧ. ಇವೆರಡರ ನಡುವಣ ಸಂಧಿಯೇ ಬೇಸ್ ವಾದಕನ ಸ್ಥಾನ.

ಹೊಸಬರಿಗೆ ಉತ್ತೇಜನ ನೀಡುವ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಎ ತಂತಿಯ ನಾದವನ್ನು ಷಡ್ಜವೆಂದು ಇಟ್ಟುಕೊಂಡರೆ, ಡಿ ತಂತಿಯಲ್ಲಿ ದೊರೆಯುವುದು ಶುದ್ಧ ಮಧ್ಯಮ. ಇ ತಂತಿಯಲ್ಲಿ ದೊರೆಯುವುದು ಮಂದ್ರ ಪಂಚಮ. ಈ ಮೂರೇ ಸ್ವರಗಳ ನೆಲೆಯ ಮೇಲೆ ನಿಂತಿರುವ ಸರಳ ಹಾಡುಗಳು ಲೆಕ್ಕವಿಲ್ಲದಷ್ಟಿವೆ. ಆದುದರಿಂದ ಎಡಗೈ ಬೆರಳುಗಳು ಪಳಗುವುದಕ್ಕೆ ಮೊದಲೇ, ಬರಿಯ ತೆರೆದ ತಂತಿಗಳನ್ನು ತಾಳಕ್ಕೆ ಸರಿಯಾಗಿ ಮೀಟಿ, ಕಲಿಯತೊಡಗಿದ ಕೆಲವೇ ವಾರಗಳಲ್ಲಿ ನಾಲ್ವರ ಜೊತೆ ಹಾಡೊಂದರಲ್ಲಿ ಪಾಲ್ಗೊಳ್ಳುವುದು ಸಾಧ್ಯ. ಪಿಟೀಲನ್ನೋ ಸಿತಾರನ್ನೋ ಕಲಿಯುವವರಿಗೆ ಈ ಸೌಲಭ್ಯವಿಲ್ಲ. ಚೆನ್ನಾಗಿ ನುಡಿಸಲು ಒಂದು ಜೀವಮಾನವೇ ಬೇಕೆಂಬುದು ಬೇರೆ ಮಾತು.

ಹಿಂದೆ ನಿಂತವರು

ಬೇಸ್ ವಾದಕರು ಹಿನ್ನೆಲೆಯಲ್ಲೇ ಉಳಿಯುವುದಕ್ಕೆ ಜೇಮ್ಸ್ ಜೇಮರ್ಸನ್ ಅವರ ಬದುಕಿಗಿಂತ ಬೇರೆ ನಿದರ್ಶನ ಬೇಕಿಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ 1960ರ ದಶಕದ ಜನಪ್ರಿಯ ಗೀತೆಗಳಲ್ಲಿ ಅಸಂಖ್ಯಾತ ಗೀತೆಗಳಿಗೆ ತಳಪಾಯ ಹಾಕಿದವರು ಅವರು. ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದರು. ಆ ಗೀತೆಗಳು ಜಗತ್ತಿನಾದ್ಯಂತ ಮೊಳಗಿದರೂ ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ಬಹುಕಾಲ ವಾದಕರ ಹೆಸರೇ ಇರುತ್ತಿರಲಿಲ್ಲ. ಜೇಮರ್ಸನ್ 1983ರಲ್ಲಿ ನಿಧನರಾದರು. ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಗೌರವಪಂಕ್ತಿಗೆ ಅವರು ಸೇರಿದ್ದು 2000ದಲ್ಲಿ.

ಇನ್ನು ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಬೇಸ್ ವಾದಕರಾದುದು ಬಯಸಿ ಅಲ್ಲ. 1961ರಲ್ಲಿ ಆ ತಂಡ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿದ್ದಾಗ, ಅದುವರೆಗೆ ಬೇಸ್ ನುಡಿಸುತ್ತಿದ್ದ ಗೆಳೆಯ ಚಿತ್ರಕಲೆಯತ್ತ ಒಲಿದು ತಂಡವನ್ನು ಬಿಟ್ಟರು. ಉಳಿದವರಾರೂ ಆ ಹೊಣೆಗೆ ಮುಂದೆ ಬಾರದಿದ್ದಾಗ ಮೆಕಾರ್ಟ್ನಿ ಒಪ್ಪಿಕೊಂಡು, ಪಿಟೀಲಿನ ಆಕಾರದ ಅಗ್ಗದ ಬೇಸ್ ಒಂದನ್ನು ಅಲ್ಲಿಯೇ ಕೊಂಡರು. 1972ರಲ್ಲಿ ಕಳುವಾದ ಆ ವಾದ್ಯ ಮರಳಿ ಅವರ ಕೈ ಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅರ್ಧ ಶತಮಾನದ ಮೇಲೂ ಹುಡುಕಿಸಿಕೊಂಡ ವಾದ್ಯ, ಮೊದಲಿಗೆ ಯಾರಿಗೂ ಬೇಡವಾಗಿದ್ದ ಕೆಲಸದ್ದು!

ನಮ್ಮ ದೇಶದಲ್ಲಿ ಈ ವಾದ್ಯ ಮನೆಮನೆಯ ಕಿವಿಗೆ ತಲಪಿದ್ದು ಚಲನಚಿತ್ರ ಸಂಗೀತದ ಮೂಲಕ. ಮುಂಬಯಿಯಲ್ಲಿ ಆರ್. ಡಿ. ಬರ್ಮನ್ ಅವರ ವಾದ್ಯವೃಂದದಲ್ಲಿ ಟೋನಿ ವಾಜ್, ಚೆನ್ನೈಯಲ್ಲಿ ಎ. ಆರ್. ರೆಹಮಾನ್ ಅವರ ಅನೇಕ ಗೀತೆಗಳಲ್ಲಿ ಕೀತ್ ಪೀಟರ್ಸ್ ಬೇಸ್ ನುಡಿಸಿದವರು. ಇಳಯರಾಜಾ ಅವರ ಸಂಗೀತದಲ್ಲಂತೂ ಬೇಸ್ ಗಿಟಾರ್ ಎರಡನೆಯ ಗಾಯಕನಂತೆ ತನ್ನದೇ ಪಲುಕುಗಳನ್ನು ಹೆಣೆಯುತ್ತದೆ. ಸ್ವತಃ ಗಿಟಾರ್ ವಾದಕರಾದ ಇಳಯರಾಜಾ ತಮ್ಮ ಆರಂಭದ ವರ್ಷಗಳಲ್ಲಿ ಕನ್ನಡದ ಹೆಸರಾಂತ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಇನ್ನೊಮ್ಮೆ ಕೇಳುವಾಗ, ಗಾಯಕರನ್ನು ಬಿಟ್ಟು ತಳದ ಸ್ವರವನ್ನಷ್ಟೇ ಕಿವಿಗೊಟ್ಟು ಆಲಿಸಿದರೆ, ಬಾಯಿಪಾಠವಾದ ಹಾಡೇ ಹೊಸದಾಗಿ ತೋರೀತು.

ಮಹಾನಗರವಾಸಿ ಕನ್ನಡಿಗರು ತಿಳಿದಿರಬೇಕಾದ ಇನ್ನೊಂದು ಹೆಸರು ದೆಹಲಿಯ ‘ಇಂಡಿಯನ್ ಓಷನ್’ ತಂಡದ ಬೇಸ್ ವಾದಕ ಹಾಗೂ ಗಾಯಕ ರಾಹುಲ್ ರಾಮ್ ಅವರದು. ಅವರ ತಂದೆ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಚ್. ವೈ. ಮೋಹನರಾಮ್, ದೊಡ್ಡಪ್ಪ, ಪ್ರಧಾನಿ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್. ವೈ. ಶಾರದಾಪ್ರಸಾದ್, ತಾತ, ವಾಗ್ಗೇಯಕಾರರೂ ವಿದ್ವಾಂಸರೂ ಆಗಿದ್ದ ಹೊಳೆನರಸೀಪುರದ ಯೋಗಾನರಸಿಂಹಂ. ರಾಹುಲ್ ರಾಮ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಪರಿಸರ ವಿಷವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ನರ್ಮದಾ ಆಂದೋಲನದಲ್ಲಿ ಭಾಗವಹಿಸಿ, ಬಳಿಕ ಸಂಗೀತವನ್ನೇ ವೃತ್ತಿಯಾಗಿ ಆರಿಸಿಕೊಂಡವರು. ಓದು ಒಂದು, ಉದ್ಯೋಗ ಒಂದು, ಒಲವು ಮತ್ತೊಂದು ಎಂಬ ಸ್ಥಿತಿಯಲ್ಲಿರುವ ನಮ್ಮ ಮಕ್ಕಳ ವಿಷಯದಲ್ಲಿ ಹೆತ್ತವರು ಗಾಬರಿಯಾಗಬೇಕಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಭಾನುವಾರದ ಬಳಗ

ಇವರೆಲ್ಲ ಪ್ರಸಿದ್ಧರು. ಆದರೆ ಬೇಸ್ ಗಿಟಾರನ್ನು ನಗರಗಳಲ್ಲಿ ಜೀವಂತವಾಗಿಟ್ಟಿರುವವರಲ್ಲಿ ಬಹುಪಾಲು ಮಂದಿ ಹವ್ಯಾಸಿಗಳು. 1970 ಮತ್ತು 1971ರಲ್ಲಿ ನಡೆದ ‘ಸಿಮ್ಲಾ ಬೀಟ್’ ಸ್ಪರ್ಧೆಗೆ ದೇಶದ ನಾನಾ ನಗರಗಳಿಂದ ತರುಣರ ತಂಡಗಳು ಬಂದಿದ್ದವು; ಅವುಗಳ ಹಾಡುಗಳು ಧ್ವನಿಮುದ್ರಿಕೆಗಳಾಗಿಯೂ ಹೊರಬಂದವು. ಅಂದಿನಿಂದ ಇಂದಿನವರೆಗೂ ವಾರಕ್ಕೆ ಐದಾರು ದಿನ ಕಚೇರಿಯಲ್ಲಿ ದುಡಿದು, ಒಂದು ದಿನ ವಾದ್ಯ ಹಿಡಿಯುವವರ ಪರಂಪರೆ ನಿಂತಿಲ್ಲ.

ಇಂಥವರಲ್ಲೊಬ್ಬರನ್ನು ಕಲ್ಪಿಸಿಕೊಳ್ಳೋಣ. ಶಿವಮೊಗ್ಗದ ಕಡೆಯ ಗೃಹಸ್ಥರು, ವಯಸ್ಸು ನಲವತ್ತಾರು. ಮುಂಬಯಿಯ ಕೋಟೆ ಪ್ರದೇಶದ ವಿಮಾ ಕಚೇರಿಯೊಂದರಲ್ಲಿ ಲೆಕ್ಕದ ವಿಭಾಗ, ಮನೆ ಡೊಂಬಿವಲಿಯಲ್ಲಿ. ಬೆಳಿಗ್ಗೆ ಲೋಕಲ್ ಗಾಡಿ, ಸಂಜೆ ಲೋಕಲ್ ಗಾಡಿ. ಮಗಳು ಕಾಲೇಜು ಸೇರಿದ ಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಕಾಲೇಜಿನ ದಿನಗಳಲ್ಲಿ ಅಲ್ಪಸ್ವಲ್ಪ ಗಿಟಾರ್ ನುಡಿಸಿದ್ದ ನೆನಪಿನಿಂದ ಒಂದು ಹವ್ಯಾಸಿ ತಂಡವನ್ನು ಸೇರಲು ಹೋದಾಗ ಅಲ್ಲಿ ಗಿಟಾರ್ ವಾದಕರು ಆಗಲೇ ಇಬ್ಬರಿದ್ದರು. ಬೇಸ್ ವಾದಕರು ಇರಲಿಲ್ಲ. ಬಹುತೇಕ ತಂಡಗಳ ಸ್ಥಿತಿ ಇದೇ. ಹಾಡಲು ಹತ್ತು ಜನ, ಗಿಟಾರಿಗೆ ಐದು ಜನ, ಬೇಸಿಗೆ ಮಾತ್ರ ಹುಡುಕಾಟ. ಹೀಗಾಗಿ ನಡುವಯಸ್ಸಿನಲ್ಲಿ ಹೊಸದಾಗಿ ಕಲಿಯುವವರಿಗೂ ಇಲ್ಲಿ ಸ್ವಾಗತವುಂಟು.

ತಂಡದ ಡ್ರಮ್ ವಾದಕರು ಮರಾಠಿಗರು, ಕೀಬೋರ್ಡಿನವರು ಗೋವೆಯವರು, ಗಿಟಾರಿನವರಲ್ಲೊಬ್ಬರು ತಮಿಳರು. ಠಾಣೆಯಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಅಭ್ಯಾಸದ ಕೊಠಡಿ. ಪ್ರತಿ ಭಾನುವಾರ ಹತ್ತರಿಂದ ಒಂದರವರೆಗೆ. ಮೊದಲ ವರ್ಷ ಹಿಂದಿ ಹಾಡುಗಳು. ಎರಡನೆಯ ವರ್ಷ, ಈ ಗೃಹಸ್ಥರ ಒತ್ತಾಯದಿಂದ, ಸಂಘದ ರಾಜ್ಯೋತ್ಸವಕ್ಕೆಂದು ಐದು ಕನ್ನಡ ಹಾಡುಗಳು. ಕನ್ನಡದ ಒಂದಕ್ಷರ ಬಾರದ ಮೂವರು ಆ ಹಾಡುಗಳ ತಿರುವುಗಳನ್ನೆಲ್ಲ ಕರಗತ ಮಾಡಿಕೊಂಡರು. ಉದ್ದನೆಯ ಚೀಲವನ್ನು ಬೆನ್ನಿಗೇರಿಸಿ ಭಾನುವಾರದ ಗಾಡಿ ಹತ್ತುವಾಗ ಅವರ ಮುಖದಲ್ಲಿ ಕಾಣುವ ಗೆಲುವು ಸೋಮವಾರದ ಗಾಡಿಯಲ್ಲಿ ಕಾಣುವಂಥದಲ್ಲ. ತಾನೊಬ್ಬ ಹೋಗದಿದ್ದರೆ ನಾಲ್ವರ ಕೆಲಸ ನಿಲ್ಲುತ್ತದೆ ಎಂಬ ಭಾವನೆಗೆ ಮನಸ್ಸನ್ನು ಎತ್ತಿ ನಿಲ್ಲಿಸುವ ಶಕ್ತಿಯಿದೆ. ಬೇರೆ ಊರಿಗೆ ಬಂದು ನೆಲೆಸಿದವರಿಗೆ ಅದರ ಅಗತ್ಯ ಹೆಚ್ಚೆಂದೇ ಹೇಳಬೇಕು.

ಅಡ್ಡಿ ಬಂದುದು ಮೂರನೆಯ ವರ್ಷದಲ್ಲಿ. ಅಭ್ಯಾಸ ಮುಗಿಸಿ ಹೊರಬಂದಾಗ ಕಿವಿಯಲ್ಲಿ ‘ಗುಂಯ್’ ಎಂಬ ಸದ್ದು. ಮೊದಮೊದಲು ಸಂಜೆಗೆ ನಿಲ್ಲುತ್ತಿದ್ದುದು ಆಮೇಲೆ ಸೋಮವಾರದವರೆಗೂ ಉಳಿಯತೊಡಗಿತು. “ರೀ, ಟೀವಿ ಸದ್ದು ಯಾಕಿಷ್ಟು ಏರಿಸ್ತೀರಿ?” ಎಂದು ಮನೆಯಾಕೆ ಕೇಳಿದರು. ಊರಿನಿಂದ ತಾಯಿ ಫೋನು ಮಾಡಿದಾಗ ಎರಡೆರಡು ಸಲ ಕೇಳಬೇಕಾಯಿತು. ತಾಯಿಗೆ ವಯಸ್ಸಾಗಿ ದನಿ ಕ್ಷೀಣಿಸಿದೆಯೆಂದು ಅವರು ಭಾವಿಸಿದರು. ದನಿ ಕ್ಷೀಣಿಸಿರಲಿಲ್ಲ; ಕ್ಷೀಣಿಸಿದ್ದುದು ಮಗನ ಕಿವಿ.

ಕಿವಿಯ ಖಾತೆ

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡಿರುವ ಅಂಗವೊಂದಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳು ಸಾಲುಗಟ್ಟಿ ನಿಂತಿವೆ. ಶಬ್ದದ ಕಂಪನವನ್ನು ನರಗಳು ಗ್ರಹಿಸುವ ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವುದು ಇವುಗಳ ಕೆಲಸ. ಅಬ್ಬರದ ಸದ್ದಿಗೆ ಇವು ಬಳಲುತ್ತವೆ. ವಿಶ್ರಾಂತಿ ದೊರೆತರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಮೇಲಿಂದ ಮೇಲೆ ಪೆಟ್ಟು ಬಿದ್ದರೆ ಸಾಯುತ್ತವೆ. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಈ ಖಾತೆಗೆ ಹುಟ್ಟಿದಾಗ ಒಮ್ಮೆ ಠೇವಣಿ ಬಿದ್ದುದಷ್ಟೆ. ಅನಂತರ ಜಮೆ ಎಂಬುದಿಲ್ಲ, ಖರ್ಚು ಮಾತ್ರ ಉಂಟು. ಪಾಸ್‌ಪುಸ್ತಕವಿಲ್ಲದ ಖಾತೆಯಾದುದರಿಂದ ಬಾಕಿ ಎಷ್ಟೆಂಬುದೂ ತಿಳಿಯುವುದಿಲ್ಲ.

ಎಷ್ಟು ಸದ್ದನ್ನು ಎಷ್ಟು ಹೊತ್ತು ಕೇಳಬಹುದೆಂಬುದಕ್ಕೆ ಲೆಕ್ಕವಿದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯೊಂದರ ಶಿಫಾರಸಿನ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬಲ್ ಏರಿದಾಗಲೂ ಅವಧಿ ಅರ್ಧಕ್ಕಿಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕೇವಲ 15 ನಿಮಿಷ. ಚಕ್ರಬಡ್ಡಿಯ ಪರಿಚಯವಿದ್ದವರಿಗೆ ಈ ಏರಿಕೆಯ ಉಗ್ರತೆ ಕೂಡಲೆ ಅರ್ಥವಾದೀತು. ಮುಚ್ಚಿದ ಸಣ್ಣ ಕೊಠಡಿಯಲ್ಲಿ ಡ್ರಮ್ ಮತ್ತು ವಿದ್ಯುತ್ ಗಿಟಾರುಗಳು ಒಟ್ಟಿಗೆ ಮೊಳಗುವಾಗ ಸದ್ದು 100 ಡೆಸಿಬಲ್ ಮುಟ್ಟುವುದು ಅಪರೂಪವೇನಲ್ಲ. ನಮ್ಮ ಗೃಹಸ್ಥರು ಅಲ್ಲಿ ಮೂರು ಗಂಟೆ ನಿಲ್ಲುತ್ತಿದ್ದರು. ಅದೂ ಡ್ರಮ್ಮಿನ ಕಂಚಿನ ತಟ್ಟೆಗಳ ಪಕ್ಕದಲ್ಲಿ.

ಬೇಸ್ ವಾದಕರಿಗೆ ಇದರಲ್ಲಿ ವಿಶೇಷ ಅಪಾಯವೊಂದಿದೆ. ಮನುಷ್ಯನ ಕಿವಿ ಮಂದ್ರಸ್ವರಗಳಿಗೆ ಅಷ್ಟು ಸೂಕ್ಷ್ಮವಲ್ಲ. ಆದುದರಿಂದ ತನ್ನ ವಾದ್ಯ ತನಗೇ ಕೇಳಿಸುತ್ತಿಲ್ಲವೆಂದು ವಾದಕನು ಧ್ವನಿವರ್ಧಕದ ಗುಂಡಿಯನ್ನು ತಿರುಗಿಸುತ್ತಾನೆ. ಅದನ್ನು ಕಂಡು ಗಿಟಾರಿನವರು ತಿರುಗಿಸುತ್ತಾರೆ. ಡ್ರಮ್ಮಿನವರು ಇನ್ನೂ ಜೋರಾಗಿ ಬಾರಿಸುತ್ತಾರೆ. ಅರ್ಧ ಗಂಟೆಯಲ್ಲಿ ಸಂಗೀತ ಹೋಗಿ ಸ್ಪರ್ಧೆ ಉಳಿಯುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದು ನಾದಾಮೃತಕ್ಕೂ ಅನ್ವಯಿಸುತ್ತದೆ. ಪೀಟ್ ಟೌನ್‌ಶೆಂಡ್, ಎರಿಕ್ ಕ್ಲ್ಯಾಪ್ಟನ್ ಅವರಂಥ ಜಗದ್ವಿಖ್ಯಾತ ಗಿಟಾರ್ ವಾದಕರು ತಮ್ಮ ಶ್ರವಣದೋಷವನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಈ ಬಗೆಯ ಹಾನಿ ಸಾಮಾನ್ಯವಾಗಿ ಮೊದಲು ಕಾಣಿಸುವುದು ಸೆಕೆಂಡಿಗೆ 3,000ದಿಂದ 6,000 ಕಂಪನಗಳ ತಾರಸ್ವರ ವಲಯದಲ್ಲಿ. ಸ, ಶ, ತ, ಚ ಮೊದಲಾದ ವ್ಯಂಜನಗಳ ಸ್ಪಷ್ಟತೆಗೆ ಈ ಎತ್ತರದ ಸ್ವರಗಳೇ ಆಧಾರ. ಆದುದರಿಂದಲೇ ‘ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ’ ಎಂಬ ದೂರು. ತಜ್ಞರು ಶ್ರವಣ ಪರೀಕ್ಷೆ ನಡೆಸಿ ತೆಗೆಯುವ ನಕ್ಷೆಯಲ್ಲಿ ಆ ಎಡೆಯಲ್ಲಿ ಹಳ್ಳ ಬಿದ್ದಂತೆ ಕಾಣುತ್ತದೆ. ನಮ್ಮ ಗೃಹಸ್ಥರ ನಕ್ಷೆಯಲ್ಲಿ ಕಂಡುದೂ ಇದೇ. ಹಳ್ಳವನ್ನು ತುಂಬುವ ಔಷಧಿಯಿಲ್ಲ. ಅದು ಇನ್ನಷ್ಟು ಆಳವಾಗದಂತೆ ನೋಡಿಕೊಳ್ಳುವುದೊಂದೇ ದಾರಿ.

ಹಾಗೆಂದು ವಾದ್ಯವನ್ನು ತೊರೆಯಬೇಕಿಲ್ಲ. ಮಾಡಬೇಕಾದವು ಇಷ್ಟು:

ಮೊದಲನೆಯದಾಗಿ, ಕಿವಿಬೆಣೆ. ಹತ್ತಿ ತುರುಕಿದರೆ ಪ್ರಯೋಜನ ಅತ್ಯಲ್ಪ. ಔಷಧದಂಗಡಿಯಲ್ಲಿ ಸಿಗುವ ಮೆತ್ತನೆಯ ಬೆಣೆಯನ್ನು ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು ಒಳಗಿಟ್ಟರೆ, ಅದು ಅರಳಿ ಸದ್ದನ್ನು ತಡೆಯುತ್ತದೆ. ಆದರೆ ಅದು ತಾರಸ್ವರಗಳನ್ನು ಹೆಚ್ಚು ನುಂಗುವುದರಿಂದ ಸಂಗೀತ ಮಂಕಾಗಿ ಕೇಳಿಸುತ್ತದೆ. ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುವ, ಸಂಗೀತಗಾರರಿಗೆಂದೇ ತಯಾರಾದ ಕಿವಿಬೆಣೆಗಳು ದೊರೆಯುತ್ತವೆ. ವಾದ್ಯಕ್ಕೆ ಕೊಡುವ ಹಣದ ಸಣ್ಣ ಪಾಲು ಇದಕ್ಕೆ ಸಾಕು.

ಎರಡನೆಯದಾಗಿ, ಧ್ವನಿವರ್ಧಕದ ಸ್ಥಾನ. ನೆಲದ ಮೇಲಿಟ್ಟ ಪೆಟ್ಟಿಗೆ ವಾದಕನ ಮೊಣಕಾಲಿಗೆ ಹಾಡುತ್ತದೆ, ಮೊಣಕಾಲಿಗೆ ಕಿವಿಯಿಲ್ಲ. ಅದನ್ನು ಗಟ್ಟಿಯಾದ ಮಣೆಯ ಮೇಲೇರಿಸಿ, ಮುಖವನ್ನು ವಾದಕನ ಕಿವಿಯತ್ತ ಓರೆಯಾಗಿಸಿದರೆ ಕಡಿಮೆ ಸದ್ದಿನಲ್ಲೇ ಸ್ಪಷ್ಟವಾಗಿ ಕೇಳಿಸುತ್ತದೆ.

ಮೂರನೆಯದಾಗಿ, ತಂಡದೊಳಗಿನ ಒಪ್ಪಂದ. ಗಂಟೆಗೊಮ್ಮೆ ಹತ್ತು ನಿಮಿಷ ಕೊಠಡಿಯಿಂದ ಹೊರಗೆ. ಯಾರೂ ಇನ್ನೊಬ್ಬರನ್ನು ಕೇಳದೆ ಸದ್ದನ್ನು ಏರಿಸಕೂಡದು.

ನಾಲ್ಕನೆಯದಾಗಿ, ಕಿವಿಯಲ್ಲಿ ಸದ್ದು ಮರುದಿನವೂ ಉಳಿದರೆ ಕಿವಿ, ಮೂಗು, ಗಂಟಲು ತಜ್ಞರಲ್ಲಿ ಹೋಗತಕ್ಕದ್ದು. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದೆ ಹೋದರಂತೂ ಅದನ್ನು ತುರ್ತು ಸ್ಥಿತಿಯೆಂದು ತಿಳಿದು ಅಂದೇ ಹೋಗಬೇಕು. ಅದಕ್ಕೆ ಚಿಕಿತ್ಸೆ ಫಲಿಸುವುದು ಬೇಗನೆ ತೊಡಗಿದಾಗ.

ಸಂಘಗಳ ಕಾರ್ಯಕಾರಿ ಸಮಿತಿಗಳಿಗೂ ಇಲ್ಲಿ ಹೊಣೆಯಿದೆ. ರಸಮಂಜರಿಯ ದಿನ ಮಕ್ಕಳು ಓಡಿಬಂದು ಕೂರುವುದು ಮುಂದಿನ ಸಾಲಿನಲ್ಲಿ, ದೊಡ್ಡ ಧ್ವನಿವರ್ಧಕಗಳ ಬಾಯಿಗೆ ನೇರವಾಗಿ. ಮುಂಗಟ್ಟಿನ ಕುರ್ಚಿಗಳನ್ನು ನಾಲ್ಕು ಮಾರು ಹಿಂದಕ್ಕೆ ಸರಿಸುವುದಕ್ಕೆ ಕಾಸಿನ ಖರ್ಚಿಲ್ಲ. ಸಭಾಂಗಣದ ಸರಾಸರಿ ಸದ್ದು 15 ನಿಮಿಷಗಳ ಅಳತೆಯಲ್ಲಿ 100 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸೂಚಿಸಿದೆ. ಅದು ಗರಿಷ್ಠ ಮಿತಿಯೇ ಹೊರತು ಗುರಿಯಲ್ಲ.

ಕೈ, ಭುಜ, ವಿದ್ಯುತ್ತು

ಕಿವಿಯಷ್ಟಲ್ಲದಿದ್ದರೂ ಕೈಯ ವಿಷಯದಲ್ಲೂ ಎಚ್ಚರ ಬೇಕು. ಬೇಸ್ ಗಿಟಾರಿನ ತೂಕ ಸುಮಾರು 4 ಕಿಲೋಗ್ರಾಂ. ಕಿರಿದಾದ ಪಟ್ಟಿಯಲ್ಲಿ ತೂಗುಹಾಕಿದರೆ ಎಡಭುಜಕ್ಕೂ ಕತ್ತಿಗೂ ನೋವು ತಪ್ಪಿದ್ದಲ್ಲ. ಅಂಗೈಯಗಲದ ಪಟ್ಟಿಯನ್ನು ಬಳಸಬೇಕು. ಚಲನಚಿತ್ರಗಳಲ್ಲಿ ಕಾಣುವಂತೆ ವಾದ್ಯವನ್ನು ತೊಡೆಯವರೆಗೆ ಇಳಿಬಿಡುವುದು ನೋಡಲು ಚೆನ್ನ, ಮಣಿಕಟ್ಟಿಗೆ ಕೇಡು. ಕುಳಿತಾಗ ವಾದ್ಯವಿರುವ ಎತ್ತರದಲ್ಲೇ ನಿಂತಾಗಲೂ ಇರುವಂತೆ ಪಟ್ಟಿಯನ್ನು ಬಿಗಿಗೊಳಿಸಿ, ಎಡ ಮಣಿಕಟ್ಟನ್ನು ಆದಷ್ಟು ನೇರವಾಗಿ ಇಟ್ಟುಕೊಳ್ಳಬೇಕು.

ಇ ತಂತಿಯ ದಪ್ಪ ಎರಡೂವರೆ ಮಿಲಿಮೀಟರಿಗಿಂತ ಹೆಚ್ಚು. ಅದನ್ನು ಒತ್ತಿ ಹಿಡಿಯಲು ಹೊಸಬರು ಅಗತ್ಯಕ್ಕಿಂತ ಹೆಚ್ಚು ಬಲವನ್ನು ಪ್ರಯೋಗಿಸುತ್ತಾರೆ. ಮೆಟ್ಟಿಲಿನ ಹಿಂಬದಿಗೆ ತೀರ ಹತ್ತಿರದಲ್ಲಿ ಒತ್ತಿದರೆ ಅಲ್ಪ ಬಲವೇ ಸಾಕು. ಬೆರಳು ಗಿಡ್ಡವಾಗಿದ್ದವರಿಗೆ ಡಬಲ್ ಬೇಸ್ ವಾದಕರ ಹಳೆಯ ಪದ್ಧತಿ ಹಿತಕರ: ಕೆಳಗಿನ ಮೆಟ್ಟಿಲುಗಳಲ್ಲಿ ನಾಲ್ಕು ಬೆರಳುಗಳನ್ನು ನಾಲ್ಕು ಮನೆಗೆ ಹರವದೆ, ಉಂಗುರಬೆರಳು ಮತ್ತು ಕಿರುಬೆರಳನ್ನು ಜೊತೆಗೂಡಿಸಿ ಮೂರು ಮನೆಗಳಿಗಷ್ಟೇ ಕೈಯಿಡುವುದು. 30 ಅಂಗುಲ ಅಳತೆಯ ಗಿಡ್ಡ ಬೇಸ್ ಗಿಟಾರುಗಳೂ ಲಭ್ಯವಿವೆ.

ಆರಂಭಶೂರತ್ವ ನಮ್ಮವರ ದೊಡ್ಡ ದೋಷ. ಮೊದಲ ವಾರ ದಿನಕ್ಕೆ ಮೂರು ಗಂಟೆ ನುಡಿಸಿ, ಎರಡನೆಯ ವಾರ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಮೂರನೆಯ ವಾರ ವಾದ್ಯವನ್ನು ಅಟ್ಟಕ್ಕೇರಿಸಿದವರುಂಟು. ಇಪ್ಪತ್ತು ನಿಮಿಷ ಅಭ್ಯಾಸ, ಐದು ನಿಮಿಷ ವಿಶ್ರಾಂತಿ ಎಂಬ ಕ್ರಮ ಲೇಸು. ಬೆರಳ ತುದಿಯ ಉರಿ ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾದಾಗ ಮಾಯವಾಗುತ್ತದೆ. ಆದರೆ ಕೀಲಿನ ನೋವು, ಜೋಮು, ರಾತ್ರಿಯ ಚುಮುಗುಡುವಿಕೆ ಇವನ್ನು ಅಲಕ್ಷಿಸದೆ ವೈದ್ಯರನ್ನು ಕಾಣಬೇಕು. ಮಧುಮೇಹವುಳ್ಳವರಲ್ಲಿ ಭುಜ ಬಿಗಿದುಕೊಳ್ಳುವುದು, ಮಡಿಸಿದ ಬೆರಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಕಂಡುಬರುವುದರಿಂದ ಅವರು ಇನ್ನಷ್ಟು ಜಾಗರೂಕರಾಗಿರಬೇಕು.

ವಿದ್ಯುತ್ತಿನ ಬಗೆಗೆ ಒಂದು ಮಾತು. ಬೇಸ್ ಗಿಟಾರಿನ ತಂತಿಗಳು ಧ್ವನಿವರ್ಧಕದ ಮೂಲಕ ಭೂಸಂಪರ್ಕ ಪಡೆದಿರುತ್ತವೆ. ಪೆಂಡಾಲಿನ ತಾತ್ಕಾಲಿಕ ಸಂಪರ್ಕದಲ್ಲಿ ದೋಷವಿದ್ದು, ಒಂದು ಕೈ ತಂತಿಯ ಮೇಲಿರುವಾಗ ಮೈಕಿಗೆ ಇನ್ನೊಂದು ಕೈಯೋ ತುಟಿಯೋ ತಗುಲಿದರೆ ಆಘಾತವಾಗಬಹುದು. ಬ್ರಿಟನ್ನಿನ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ವೇದಿಕೆಯ ಮೇಲೆಯೇ ಹೀಗೆ ಪ್ರಾಣ ಕಳೆದುಕೊಂಡರು. ಮೂರು ಕಡ್ಡಿಯ ಪ್ಲಗ್ಗಿನ ಭೂಸಂಪರ್ಕದ ಕಡ್ಡಿಯನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವ ಅಭ್ಯಾಸವನ್ನು ಸರ್ವಥಾ ಬಿಡಬೇಕು. ಕಾರ್ಯಕ್ರಮಕ್ಕೆ ಮೊದಲು ಅರಿತ ಕೆಲಸಗಾರರಿಂದ ಭೂಸಂಪರ್ಕವನ್ನು ಪರೀಕ್ಷಿಸಬೇಕು.

ತೊಡಗಬಯಸುವವರಿಗೆ

ಕಲಿಯುವವರಿಗೆ ದುಬಾರಿ ವಾದ್ಯ ಬೇಕಿಲ್ಲ. ಕಡಿಮೆ ಬೆಲೆಯ ಹೊಸದೋ, ಬಲ್ಲವರು ನೋಡಿ ಒಪ್ಪಿದ ಹಳೆಯದೋ ಸಾಕು. ಮನೆಯಲ್ಲಿ ನುಡಿಸುವಾಗ ಹೆಡ್‌ಫೋನನ್ನು ಬಳಸುವುದು ನೆರೆಹೊರೆಗೆ ತೋರುವ ಸೌಜನ್ಯ. ಇ ತಂತಿಯ ನಾದತರಂಗದ ಉದ್ದ ಸುಮಾರು 8 ಮೀಟರು. ಫ್ಲ್ಯಾಟಿನ ಗೋಡೆಗಳು ಅದನ್ನು ತಡೆಯಲಾರವು. ಎಡಮನೆಯವರಿಗೆ ಹಾಡು ಕೇಳಿಸದು, ಗುಡುಗು ಮಾತ್ರ ಕೇಳಿಸೀತು. ಹೆಡ್‌ಫೋನಿನ ಸದ್ದನ್ನೂ ಮಿತವಾಗಿಟ್ಟುಕೊಳ್ಳಬೇಕೆಂದು ಬೇರೆ ಹೇಳಬೇಕಿಲ್ಲವಷ್ಟೆ.

ತಾಳದ ಯಂತ್ರದೊಡನೆ ದಿನವೂ ಸ್ವಲ್ಪ ಹೊತ್ತು, ಗುರುವಿನೊಡನೆ ವಾರಕ್ಕೊಮ್ಮೆ, ಗೆಳೆಯರೊಡನೆ ಭಾನುವಾರಕ್ಕೊಮ್ಮೆ: ಇಷ್ಟು ನಡೆಸಿಕೊಂಡು ಬಂದರೆ ವರ್ಷದೊಳಗೆ ಹತ್ತು ಹಾಡುಗಳಿಗೆ ಜೊತೆಗೊಡಬಹುದು. ಈ ವಾದ್ಯ ಬೆರಳುಗಳಿಗಿಂತ ಮಿಗಿಲಾಗಿ ಪಳಗಿಸುವುದು ಕಿವಿಯನ್ನು. ಡ್ರಮ್ಮನ್ನು ಕೇಳಬೇಕು, ಗಾಯಕರ ಉಸಿರನ್ನು ಕೇಳಬೇಕು, ಯಾವಾಗ ನುಡಿಸಬಾರದೆಂಬುದನ್ನು ಅರಿಯಬೇಕು. ಹೀಗೆ ಕೇಳುವುದನ್ನೇ ಕಲಿಸುವ ಹವ್ಯಾಸವು ಕೇಳುವ ಶಕ್ತಿಯನ್ನೇ ಕಸಿದುಕೊಳ್ಳುವುದಾದರೆ ಅದಕ್ಕಿಂತ ದುರದೃಷ್ಟ ಬೇರಿಲ್ಲ.

ನಮ್ಮ ಗೃಹಸ್ಥರ ಕಥೆ ಅಲ್ಲಿಗೆ ನಿಲ್ಲಲಿಲ್ಲವೆಂದೇ ಕಲ್ಪಿಸೋಣ. ವೈದ್ಯರ ನಕ್ಷೆಯನ್ನು ಅವರು ಮರು ಭಾನುವಾರ ತಂಡದವರ ಮುಂದಿಟ್ಟರು. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಡ್ರಮ್ ವಾದಕರು ದಪ್ಪ ಕಡ್ಡಿಗಳನ್ನು ಚೀಲಕ್ಕೆ ಸೇರಿಸಿ ತೆಳ್ಳನೆಯವನ್ನು ಹೊರತೆಗೆದರು. ಗಿಟಾರಿನವರು ಗುಂಡಿಯನ್ನು ಅರ್ಧಕ್ಕಿಳಿಸಿದರು. ಐವರೂ ಕಿವಿಬೆಣೆ ಕೊಂಡರು. ಸದ್ದು ಇಳಿದ ಕೊಠಡಿಯಲ್ಲಿ ಮೊದಲ ಸಲ ಎಲ್ಲರಿಗೂ ಎಲ್ಲರ ತಪ್ಪುಗಳು ಕೇಳಿಸಿದವು. ಅವನ್ನು ತಿದ್ದಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಕಳೆದುಹೋದ ಶ್ರವಣ ಅವರಿಗೆ ಮರಳಿ ಬರಲಿಲ್ಲ. ತಾಯಿಗೆ ಮಾತ್ರ ನಿಜವನ್ನು ತಿಳಿಸಿ, ಇನ್ನು ಮುಂದೆ ನಿಧಾನವಾಗಿ ಮಾತಾಡಬೇಕೆಂದು ಬೇಡಿಕೊಂಡರು.

ಈ ಸಲದ ರಾಜ್ಯೋತ್ಸವದಲ್ಲಿ ಡ್ರಮ್ಮಿನ ಪಕ್ಕದ ಅರೆಬೆಳಕಿನಲ್ಲಿ ಇಂಥವರೊಬ್ಬರು ನಿಂತಿದ್ದರೆ, ವಾಚಕರು ಒಂದು ಹಾಡಿನ ಮಟ್ಟಿಗೆ ಗಾಯಕರನ್ನು ಬಿಟ್ಟು ಅವರಿಗೆ ಕಿವಿಗೊಡಬೇಕೆಂದು ವಿನಂತಿ. ಸ್ವಾಗತ ಸಮಿತಿಯವರು ಅವರ ಹೆಸರನ್ನು ಓದಲು ಮರೆಯದಿರಲಿ. ಧ್ವನಿವರ್ಧಕದವರು ಸದ್ದನ್ನು ಒಂದು ಮನೆ ಇಳಿಸಲಿ.